ಧಾತು-ಈಶ್ವರದ ಬರ ಮತ್ತು ಸೂರ್ಯನ ಮೇಲಿನ ಆಪಾದನೆ

1877ರ ನವೆಂಬರಿನಲ್ಲಿ ಲಂಡನ್ನಿನ 'ನೈನ್ಟೀಂತ್ ಸೆಂಚುರಿ' ಅನ್ನೋ ಮಾಸಪತ್ರಿಕೆಯಲ್ಲಿ ಒಂದು ಲೇಖನ ಬಂತು. ಅದರ ಹೆಸರನ್ನ ಕನ್ನಡದಲ್ಲಿ ಹೇಳೋದಾದರೆ 'ಸೂರ್ಯನ ಕಲೆಗಳು ಮತ್ತು ಕ್ಷಾಮಗಳು'. ಬರೆದವರು ಇಬ್ಬರು. ಒಬ್ಬ ನಾರ್ಮನ್ ಲಾಕಿಯರ್. ಸೂರ್ಯನ ಬೆಳಕಿನಲ್ಲಿ ಹೀಲಿಯಂ ಗುರುತಿಸಿದವರಲ್ಲಿ ಒಬ್ಬ, 'ನೇಚರ್' ಪತ್ರಿಕೆ ಹುಟ್ಟುಹಾಕಿದವನು. ಇನ್ನೊಬ್ಬ ವಿಲಿಯಂ ವಿಲ್ಸನ್ ಹಂಟರ್, ಭಾರತ ಸರ್ಕಾರದ ಅಂಕಿ-ಅಂಶಗಳ ಮಹಾನಿರ್ದೇಶಕ. ಇವರ ವಾದ ಇಷ್ಟೇ: ಸೂರ್ಯನ ಮೇಲೆ ಕಲೆಗಳು ಕಡಿಮೆಯಾದ ವರ್ಷಗಳಲ್ಲಿ ದಕ್ಷಿಣ ಭಾರತಕ್ಕೆ ಮಳೆ ಕಡಿಮೆ, ಮಳೆ ಕಡಿಮೆಯಾದರೆ ಕ್ಷಾಮ.

ಈ ಲೇಖನ ಅಚ್ಚಾಗುವ ಹೊತ್ತಿಗೆ ಮೈಸೂರು ಸೀಮೆಯಲ್ಲಿ ಮಳೆಯೇನೋ ಬಂದಿತ್ತು. ಆದರೆ ಅದಕ್ಕೆ ಮುಂಚೆ ಒಂದೂವರೆ ವರ್ಷ ಜನ ಹಸಿವಿನಿಂದ ಸತ್ತಿದ್ದರು, ಉಳಿದವರಲ್ಲಿ ಎಷ್ಟೋ ಜನ ಆಗ ಜ್ವರದಲ್ಲಿ ಸಾಯುತ್ತಿದ್ದರು.

ಈಗೊಂದಷ್ಟು ವರ್ಷಗಳಿಂದ ಎಲ್ಲಿ ನೆರೆ ಬಂದರೂ, ಬರ ಬಿದ್ದರೂ, ಕಾಡಿಗೆ ಬೆಂಕಿ ಬಿದ್ದರೂ ನಾವೆಲ್ಲ ಕೇಳುವ ಮೊದಲ ಪ್ರಶ್ನೆ "ಇದಕ್ಕೆ ಹವಾಮಾನ ಬದಲಾವಣೆ ಕಾರಣವಾ?" ಅಂತ. ಒಬ್ಬರು ಹೌದು ಅಂತಾರೆ, ಇನ್ನೊಬ್ಬರು "ಹಿಂದೆಯೂ ಇಂಥದ್ದೆಲ್ಲ ಆಗಿತ್ತು ಬಿಡಿ" ಅಂತಾರೆ. ಹಿಂದೆ ಆಗಿದ್ದು ನಿಜ. ಆಗಲೂ ಇದೇ ಪ್ರಶ್ನೆ ಕೇಳಿದ್ದರು ಅನ್ನೋದೂ ನಿಜ. ಆ ಹಳೆಯ ವಿಚಾರಣೆಯಲ್ಲಿ ಸೂರ್ಯ, ಕಾಡು, ಕುಮರಿ ಬೇಸಾಯಗಾರ, ಹಿಮಾಲಯದ ಹಿಮ, ಕೊನೆಗೆ ಸಮುದ್ರ - ಎಲ್ಲರೂ ಕಟಕಟೆಗೆ ಬಂದು ಹೋದರು. ಆ ಕಥೆ ನಮ್ಮ ನೆಲದ್ದೇ ಆಗಿರೋದರಿಂದ ಸ್ವಲ್ಪ ವಿವರವಾಗಿ ಬರೀತಿದ್ದೀನಿ.

ಮೊದಲು ಬರದ ವಿಷಯ. ನಮ್ಮ ಸಂವತ್ಸರಗಳ ಲೆಕ್ಕದಲ್ಲಿ 1876-77 ಧಾತು, 1877-78 ಈಶ್ವರ. ಹಾಗಾಗಿ ಹಳೇ ಮೈಸೂರಿನ ಕಡೆ ಇದು ಧಾತು-ಈಶ್ವರದ ಬರ. ತಮಿಳಿನವರೂ ಇದನ್ನ ತಾದು ವರ್ಷದ ಪಂಜಂ ಅಂತಲೇ ಕರೆಯುತ್ತಾರೆ. ಇಸವಿ ಮರೆತರೂ ಸಂವತ್ಸರದ ಹೆಸರು ಜನರ ಬಾಯಲ್ಲಿ ಉಳಿಯಿತು.

1875ರ ಮಳೆಯೇ ಅಷ್ಟಕ್ಕಷ್ಟೆ ಇತ್ತು. 1876ರಲ್ಲಿ ಮುಂಗಾರು ಕೈಕೊಟ್ಟಿತು, ಹಿಂಗಾರಂತೂ ಬರಲೇ ಇಲ್ಲ. ಮಲೆನಾಡು ಹೇಗೋ ತಡೆದುಕೊಂಡಿತು. ಪೆಟ್ಟು ಬಿದ್ದದ್ದು ಕೆರೆ ಮತ್ತು ಮಳೆಯನ್ನೇ ನಂಬಿದ್ದ ಬಯಲುಸೀಮೆಗೆ. ಮೈಸೂರೊಂದೇ ಅಲ್ಲ. ಆಗ ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿದ್ದ ಬಳ್ಳಾರಿ, ಮುಂಬಯಿ ಪ್ರೆಸಿಡೆನ್ಸಿಗೆ ಸೇರಿದ್ದ ಧಾರವಾಡ-ಬಿಜಾಪುರದ ಕಡೆ, ನಿಜಾಮರ ಸೀಮೆ, ಕಡಪ, ಕರ್ನೂಲು... ದಖ್ಖನ್ನಿನ ಉದ್ದಗಲಕ್ಕೂ ಒಂದೇ ಕಥೆ. 1877ರ ಮುಂಗಾರೂ ಕೈಕೊಟ್ಟಿತು. ಆಕಾಶ ಕರಗಿದ್ದು ಆ ವರ್ಷದ ಸೆಪ್ಟೆಂಬರ್-ಅಕ್ಟೋಬರಿನಲ್ಲಿ.

ರಾಗಿಯ ಒಂದು ಗುಣ ನಿಮಗೆ ಗೊತ್ತಿರಬಹುದು. ಹಗೇವಿನಲ್ಲಿ ಹಾಕಿ ಮುಚ್ಚಿಟ್ಟರೆ ವರ್ಷಗಟ್ಟಲೆ ಹುಳ ಬೀಳದೆ ಇರುತ್ತದೆ. ಒಂದು ವರ್ಷದ ಬರಕ್ಕೆ ಹಳ್ಳಿ ಹೆದರುತ್ತಿರಲಿಲ್ಲ, ಇದ್ದವರ ಹಗೇವು ತೆರೆದರೆ ಹೇಗೋ ದಾಟಬಹುದಿತ್ತು. ಆದರೆ ಹಗೇವು ಇದ್ದದ್ದು ಭೂಮಿ ಇದ್ದವರ ಮನೆಯಲ್ಲಿ. ಮೊದಲು ಮುರಿದುಬಿದ್ದವರು ಕೂಲಿಯವರು, ನೇಕಾರರು, ಕುಶಲಕರ್ಮಿಗಳು. ಬೆಳೆ ಇಲ್ಲ ಅಂದರೆ ಕೂಲಿ ಇಲ್ಲ. ರೈತನ ಕೈಯಲ್ಲಿ ಕಾಸಿಲ್ಲ ಅಂದರೆ ಸೀರೆ ಕೊಳ್ಳುವವರಿಲ್ಲ. ಧಾನ್ಯದ ಬೆಲೆ ಏರುವ ಹೊತ್ತಿಗೇ ಇವರ ಸಂಪಾದನೆ ನಿಂತುಹೋಯಿತು. ಆಮೇಲೆ ದನಕರು, ಆಮೇಲೆ ಸಣ್ಣ ಹಿಡುವಳಿಯವರು.

ಆಗ ಮೈಸೂರನ್ನು ಆಳುತ್ತಿದ್ದದ್ದು ಮಹಾರಾಜರಲ್ಲ, ಬ್ರಿಟಿಷ್ ಕಮಿಷನರು (1831ರಿಂದ 1881ರವರೆಗೆ ಹೀಗೇ ಇತ್ತು). ಸಂಸ್ಥಾನದಲ್ಲಿದ್ದ ರೈಲು ದಾರಿ ಒಂದೇ, ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ 1864ರಲ್ಲಿ ಬಂದದ್ದು. ಹೊರಗಿನ ಧಾನ್ಯ ಬೆಂಗಳೂರಿನವರೆಗೆ ರೈಲಿನಲ್ಲಿ ಬಂದರೂ ಅಲ್ಲಿಂದಾಚೆ ಎತ್ತಿನ ಗಾಡಿಯೇ ಗತಿ. ಎತ್ತುಗಳಿಗೋ ಮೇವಿಲ್ಲ! ಪರಿಹಾರ ಕಾಮಗಾರಿ ಅಂತ ಜನರ ಕೈಲಿ ಮಣ್ಣು ಹೊರಿಸಿದರು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲು ದಾರಿಯ ಕೆಲಸ ಶುರುವಾದದ್ದು ಹೀಗೆ, ಬರದ ಕಾಮಗಾರಿಯಾಗಿ. ಅದು ಮೈಸೂರು ಮುಟ್ಟಿದ್ದು 1882ರಲ್ಲಿ. ರಾಮನಗರ, ಮದ್ದೂರು, ಮಂಡ್ಯದ ಕಡೆ ರೈಲಿನಲ್ಲಿ ಹೋಗುವಾಗ ಕಾಫಿ ಕುಡಿಯುತ್ತಾ ನಾವು ನೋಡುವ ಏರಿಯ ಬುಡದಲ್ಲಿ ಯಾರ ಬುಟ್ಟಿಯ ಮಣ್ಣಿದೆ ಅಂತ ಯೋಚಿಸಿದವರು ಕಡಿಮೆ.

ಈಗ ಲೆಕ್ಕ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. 1881ರಲ್ಲಿ 41,86,188. ಹತ್ತು ವರ್ಷದಲ್ಲಿ ಏರಬೇಕಿದ್ದ ಸಂಖ್ಯೆ 8,69,224ರಷ್ಟು ಇಳಿದಿತ್ತು. ನೂರಕ್ಕೆ 17 ಜನ ಇಲ್ಲ. ಊರು ಬಿಟ್ಟು ಹೋದವರೂ ಇದರಲ್ಲಿ ಸೇರಿದ್ದಾರೆ, ಒಪ್ಪೋಣ. ಆದರೆ ಅಕ್ಕಪಕ್ಕದ ಸೀಮೆಗಳಲ್ಲೂ ಅದೇ ಪಾಡು, ಹೋಗುವುದಾದರೂ ಎಲ್ಲಿಗೆ? ಇಡೀ ಭಾರತದಲ್ಲಿ ಈ ಕ್ಷಾಮಕ್ಕೆ ಸತ್ತವರು 55 ಲಕ್ಷದಿಂದ ಒಂದು ಕೋಟಿಯವರೆಗೆ ಅಂತ ಬೇರೆ ಬೇರೆ ಅಂದಾಜುಗಳಿವೆ.

ಈ ಸಾವುಗಳಿಗೆ ಸೂರ್ಯನನ್ನು ಹೊಣೆ ಮಾಡಿದ್ದು ಹೇಗೆ?

ಸೂರ್ಯನ ಕಲೆಗಳು ಸುಮಾರು ಹನ್ನೊಂದು ವರ್ಷಕ್ಕೊಮ್ಮೆ ಹೆಚ್ಚಿ ಕುಗ್ಗುತ್ತವೆ ಅಂತ ಜರ್ಮನಿಯ ಶ್ವಾಬೆ 1843ರಲ್ಲಿ ತೋರಿಸಿದ್ದ. ಮಾರಿಷಸ್ಸಿನಲ್ಲಿದ್ದ ಚಾರ್ಲ್ಸ್ ಮೆಲ್ಡ್ರಂ 1872ರಲ್ಲಿ ಹಿಂದೂ ಮಹಾಸಾಗರದ ಚಂಡಮಾರುತಗಳೂ ಇದೇ ಲಯದಲ್ಲಿ ಹೆಚ್ಚು ಕಡಿಮೆ ಆಗುತ್ತವೆ ಅಂದ. ಲಾಕಿಯರ್‌ಗೆ ಇದು ಬಹಳ ಹಿಡಿಸಿತು. ಅಂದಹಾಗೆ ಈ ಲಾಕಿಯರ್ ನಮ್ಮ ಕಡೆಗೂ ಬಂದಿದ್ದ! 1871ರ ಡಿಸೆಂಬರ್ 12ರ ಖಗ್ರಾಸ ಸೂರ್ಯಗ್ರಹಣವನ್ನು ಅವನು ನೋಡಿದ್ದು ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಬೇಕಲ ಕೋಟೆಯಿಂದ. ಕೆಳದಿ ನಾಯಕರ ಕೋಟೆಯ ಮೇಲೆ ದೂರದರ್ಶಕ ಇಟ್ಟುಕೊಂಡು ಕೂತ ಸಾಹೇಬನ ಚಿತ್ರ ಕಲ್ಪಿಸಿಕೊಂಡರೆ ನನಗೆ ನಗು ಬರುತ್ತೆ :-)

ಹಂಟರ್ ಕೈಯಲ್ಲಿ ಮದ್ರಾಸಿನ ಮಳೆ ಲೆಕ್ಕವಿತ್ತು, 1813ರಿಂದ ಹಿಡಿದು. ಅವನು ಅದನ್ನು ಹನ್ನೊಂದು ಹನ್ನೊಂದು ವರ್ಷದ ಕಂತುಗಳಾಗಿ ಜೋಡಿಸಿ, ಕಲೆ ಕಡಿಮೆಯಾದ ವರ್ಷಗಳ ಸುತ್ತ ಮಳೆಯೂ ಕಡಿಮೆ ಅಂತ ಒಂದು ಪುಸ್ತಿಕೆ ಬರೆದ. 1877ರಲ್ಲಿ ಸೂರ್ಯ ನಿಜಕ್ಕೂ ಹೆಚ್ಚುಕಡಿಮೆ ಬೋಳಾಗಿದ್ದ, 1878ರ ಕೊನೆಗೆ ಕಲೆಗಳು ತೀರಾ ಕಮ್ಮಿ. ಎದುರಿಗೆ ಕ್ಷಾಮ, ಮೇಲೆ ಕಲೆಯಿಲ್ಲದ ಸೂರ್ಯ. ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಈ ಗೀಳು ಎಷ್ಟು ಹಬ್ಬಿತೆಂದರೆ ಅರ್ಥಶಾಸ್ತ್ರಜ್ಞ ಜೆವನ್ಸ್ 1878ರಲ್ಲಿ ಇಂಗ್ಲೆಂಡಿನ ವ್ಯಾಪಾರದ ಕುಸಿತಗಳಿಗೂ ಸೂರ್ಯನ ಕಲೆಗಳೇ ಕಾರಣ, ಭಾರತದ ಬೆಳೆ ಕೆಟ್ಟರೆ ನಮ್ಮ ವ್ಯಾಪಾರ ಕೆಡುತ್ತದೆ ಅಂತ ವಾದಿಸಿದ.

ಹಂಟರ್-ಲಾಕಿಯರ್ ಕೆಟ್ಟ ಉದ್ದೇಶದವರು ಅಂತ ನಾನು ಹೇಳುತ್ತಿಲ್ಲ. ಮುಂದಿನ ಬರವನ್ನು ಮೊದಲೇ ತಿಳಿಯಬೇಕು ಅನ್ನೋ ಆಸೆ ಅವರದು, ಒಳ್ಳೆಯ ಆಸೆಯೇ. ಆದರೆ ಅಂಥ ಸಿದ್ಧಾಂತ ಆಡಳಿತಕ್ಕೆ ಎಷ್ಟು ಹಿತವಾಗಿ ಕೇಳಿಸಿರಬೇಕು ನೋಡಿ. ಸೂರ್ಯನಿಗೆ ನೋಟೀಸು ಕೊಡಲಾಗುತ್ತದೆಯೇ?

ಸ್ವಾರಸ್ಯ ಏನಪ್ಪಾ ಅಂದರೆ, ಈ ಸಿದ್ಧಾಂತಕ್ಕೆ ಮೊದಲ ಗಟ್ಟಿ ಪೆಟ್ಟು ಕೊಟ್ಟದ್ದೂ ಸರ್ಕಾರದ ಮನುಷ್ಯನೇ. ಜನರಲ್ ರಿಚರ್ಡ್ ಸ್ಟ್ರೇಚಿ 1877ರಲ್ಲೇ ರಾಯಲ್ ಸೊಸೈಟಿಗೆ ಒಂದು ಪ್ರಬಂಧ ಒಪ್ಪಿಸಿ ಅದೇ ಮದ್ರಾಸಿನ ಮಳೆ ಲೆಕ್ಕವನ್ನು ಬಿಡಿಸಿ ನೋಡಿದ. ಹನ್ನೊಂದು ವರ್ಷದ ಲಯ ಇದೆ ಅಂತ ಹೇಳುವಷ್ಟು ಆಧಾರ ಅದರಲ್ಲಿ ಅವನಿಗೆ ಕಾಣಲಿಲ್ಲ. ಇದೇ ಸ್ಟ್ರೇಚಿ ಮರುವರ್ಷ ಕ್ಷಾಮ ಆಯೋಗದ ಅಧ್ಯಕ್ಷನಾದ. ಅವನ ಮಾತಿಗೆ ಆಮೇಲೆ ಬರುತ್ತೇನೆ.

ಸೂರ್ಯನ ಮೇಲಿನ ಅನುಮಾನ ಮಾತ್ರ ಪೂರ್ತಿ ಹೋಗಲಿಲ್ಲ. ಆ ಕ್ಷಾಮದ ನೆನಪಿನಲ್ಲೇ, ಸೂರ್ಯನನ್ನು ದಿನಾ ಗಮನಿಸಿದರೆ ಮಳೆಯ ಗುಟ್ಟು ಸಿಕ್ಕೀತು ಅಂತ ಒಂದು ವೀಕ್ಷಣಾಲಯದ ಪ್ರಸ್ತಾಪ ಬಂತು. 1899ರಲ್ಲಿ ಶುರುವಾದ ಕೊಡೈಕೆನಾಲಿನ ಸೌರ ವೀಕ್ಷಣಾಲಯ ಅದೇ. ಈಗ ಅದನ್ನು ನಡೆಸುವುದು ನಮ್ಮ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ. ಮಳೆಯ ಗುಟ್ಟು ಅಲ್ಲಿ ಸಿಗಲಿಲ್ಲ. ಆದರೆ ನೂರಕ್ಕೂ ಹೆಚ್ಚು ವರ್ಷ ಸೂರ್ಯನ ಚಿತ್ರ ತೆಗೆದಿಟ್ಟ ಆ ಭಂಡಾರದಂಥದ್ದು ಪ್ರಪಂಚದಲ್ಲಿ ಕೆಲವೇ ಇವೆ. ಕಲೆಗಳ ಏರಿಳಿತದಿಂದ ಸೂರ್ಯನ ಶಾಖದಲ್ಲಿ ಆಗುವ ವ್ಯತ್ಯಾಸ ಸಾವಿರಕ್ಕೆ ಒಂದರಷ್ಟು ಮಾತ್ರ ಅಂತ ಈಗ ಉಪಗ್ರಹಗಳಿಂದ ಗೊತ್ತಾಗಿದೆ. ಇಂದಿಗೂ "ಭೂಮಿ ಬಿಸಿಯಾಗ್ತಿರೋದು ಸೂರ್ಯನಿಂದ" ಅನ್ನುವವರು ಸಿಗುತ್ತಾರೆ, ಅವರಿಗೆ ಈ ಸಂಖ್ಯೆ ಹೇಳಬಹುದು.

ಸೂರ್ಯನಿಗಿಂತ ಮೊದಲೇ ಕಟಕಟೆ ಹತ್ತಿದ್ದ ಇನ್ನೊಬ್ಬ ಆರೋಪಿ ಇದ್ದ: ಕಾಡು ಕಡಿದವನು. ಮರ ಹೋದರೆ ಮಳೆ ಹೋಗುತ್ತದೆ ಅನ್ನುವ ವಾದ 1840ರ ದಶಕದಲ್ಲೇ ಇಲ್ಲಿನ ಇಂಗ್ಲಿಷ್ ವೈದ್ಯರ ನಡುವೆ ಜೋರಾಗಿತ್ತು. ಆಗ ಸಸ್ಯಶಾಸ್ತ್ರ ಬಲ್ಲವರು ಅಂದರೆ ಕಂಪನಿಯ ಡಾಕ್ಟರುಗಳೇ. ಅವರಲ್ಲೊಬ್ಬ ಹ್ಯೂ ಕ್ಲೆಗ್‌ಹಾರ್ನ್, ನಮ್ಮ ಶಿವಮೊಗ್ಗದಲ್ಲಿ ಇದ್ದವನು. ಉಷ್ಣವಲಯದ ಕಾಡು ನಾಶವಾದರೆ ಏನಾಗುತ್ತದೆ ಅಂತ ಅವನೂ ಸೇರಿ ತಯಾರಿಸಿದ ವರದಿ 1851ರಲ್ಲಿ ಬ್ರಿಟಿಷ್ ಅಸೋಸಿಯೇಷನ್ ಮುಂದೆ ಬಂತು. 1856ರಲ್ಲಿ ಅವನು ಮದ್ರಾಸಿನ ಅರಣ್ಯ ಸಂರಕ್ಷಣಾಧಿಕಾರಿಯಾದ. ಮನುಷ್ಯನ ಕೆಲಸದಿಂದ ಹವಾಗುಣ ಬದಲಾಗುತ್ತದೆ ಅನ್ನುವ ಮಾತು ಎಷ್ಟು ಹಳೆಯದು ನೋಡಿ. ಅದು ಎದ್ದ ಜಾಗಗಳಲ್ಲಿ ನಮ್ಮ ಮಲೆನಾಡೂ ಒಂದು.

ಸರಿ, ಕಾಡು ಕಡಿದವರು ಯಾರು? ಹಡಗಿಗೆ ತೇಗ ಬೇಕಿತ್ತು, ರೈಲು ಹಳಿಯ ಕೆಳಗೆ ಹಾಸಲು ಮರ ಬೇಕಿತ್ತು, ಕಾಫಿ ತೋಟಕ್ಕೆ ಬೆಟ್ಟ ಬೇಕಿತ್ತು. ಆದರೆ ಕಾಯ್ದೆಯ ಕೈ ಬಿದ್ದದ್ದು ಕುಮರಿಯವರ ಮೇಲೆ. ಒಂದು ತುಂಡು ಕಾಡು ಕಡಿದು, ಸುಟ್ಟು, ಒಂದೆರಡು ಬೆಳೆ ತೆಗೆದು, ಮತ್ತೆ ಕಾಡು ಬೆಳೆಯಲು ಬಿಟ್ಟು ಮುಂದೆ ಹೋಗುವ ಬೇಸಾಯ ಅದು. ದಟ್ಟವಾಗಿ ಏರುತ್ತಿದ್ದ ಆ ಹೊಗೆ ಸಾಹೇಬರ ಕಣ್ಣಿಗೆ ಬೇಗ ಬೀಳುತ್ತಿತ್ತು ಅಂತ ಕಾಣುತ್ತೆ. ಕ್ಷಾಮ ಇನ್ನೂ ಹಸಿಯಾಗಿದ್ದಾಗಲೇ, 1878ರಲ್ಲಿ, ಭಾರತೀಯ ಅರಣ್ಯ ಕಾಯ್ದೆ ಬಂತು. ಮುಂಬಯಿ ಪ್ರೆಸಿಡೆನ್ಸಿಯಲ್ಲಿದ್ದ ಉತ್ತರ ಕನ್ನಡಕ್ಕೆ ಅದು ತಟ್ಟಿತು. ಮೀಸಲು ಕಾಡಿನಲ್ಲಿ ಬೆಂಕಿ ಹಚ್ಚುವುದು ಅಪರಾಧವಾಯಿತು.

ಇಲ್ಲೊಂದು ಸಣ್ಣ ದಾರಿ ಬಿಟ್ಟ ಮಾತು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರಗು ಬೆಂಕಿ ಅನ್ನುತ್ತಾರೆ. ಬೇಸಿಗೆ ಶುರುವಾಗುವ ಮೊದಲೇ, ನೆಲದಲ್ಲಿ ಇನ್ನೂ ತೇವ ಇರುವಾಗ, ಬಿದ್ದ ತರಗೆಲೆಯನ್ನು ಸಣ್ಣಗೆ ಸುಡುವುದು. ಆ ಬೆಂಕಿ ಮರ ಹತ್ತುವುದಿಲ್ಲ. ಅದು ನಿಂತ ಮೇಲೆ ಲಂಟಾನ ಪೊದೆ ಕಾಡನ್ನು ತುಂಬಿಕೊಂಡಿತು ಅಂತ ಅವರು ಹೇಳುತ್ತಾ ಬಂದಿದ್ದಾರೆ, ಅಲ್ಲಿ ಅಧ್ಯಯನ ಮಾಡಿದವರೂ ಅದನ್ನು ದಾಖಲಿಸಿದ್ದಾರೆ. ಲಂಟಾನ ಒಣಗಿ ನಿಂತರೆ ಬೆಂಕಿಗೆ ಮರದ ತುದಿವರೆಗೆ ಏಣಿ ಇಟ್ಟ ಹಾಗೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿಕೊಂಡಾಗ ನಾವೆಲ್ಲ ಟಿವಿ ಮುಂದೆ ಕೂತು ಮರುಗಿದೆವು. ನಮ್ಮ ಕಾಡುಗಳಲ್ಲಿ ಕಿಡಿ ಹೆಚ್ಚಾಗಿ ಮನುಷ್ಯನ ಕೈಯಿಂದಲೇ ಬೀಳುವುದು. ಅದು ಎಷ್ಟು ದೂರ ಓಡುತ್ತದೆ ಅನ್ನುವುದನ್ನು ಆ ವರ್ಷದ ಒಣಹವೆ, ಗಾಳಿ, ಪೊದೆ ತೀರ್ಮಾನಿಸುತ್ತವೆ. "ಯಾರು ಹಚ್ಚಿದರು" ಅನ್ನೋದು ಒಂದು ಪ್ರಶ್ನೆ, "ಅಷ್ಟು ಯಾಕೆ ಉರಿಯಿತು" ಅನ್ನೋದು ಇನ್ನೊಂದು. ಬರಕ್ಕೂ ಕ್ಷಾಮಕ್ಕೂ ಇರುವ ಅಂತರ ಇದೇ ಥರದ್ದು.

ಆ ಅಂತರವನ್ನು ಅರ್ಥ ಮಾಡಿಕೊಳ್ಳೋಕೆ ಒಬ್ಬ ಮನುಷ್ಯನನ್ನು ನೋಡಿದರೆ ಸಾಕು: ಸರ್ ರಿಚರ್ಡ್ ಟೆಂಪಲ್. 1873-74ರಲ್ಲಿ ಬಂಗಾಳ-ಬಿಹಾರದ ಕಡೆ ಮಳೆ ಹೋದಾಗ ಅಲ್ಲಿನ ಉಸ್ತುವಾರಿ ಇವನದ್ದು. ಬರ್ಮಾದಿಂದ ಹಡಗುಗಟ್ಟಲೆ ಅಕ್ಕಿ ತರಿಸಿ ಹಂಚಿದ, ಹಸಿವಿನಿಂದ ಸತ್ತವರು ತೀರಾ ಕಡಿಮೆ. ಇದಕ್ಕೆ ಅವನಿಗೆ ಸಿಕ್ಕಿದ್ದು ಬೈಗುಳ! ದುಂದು ಮಾಡಿದ ಅಂತ ಲಂಡನ್ನಿನಲ್ಲಿ ಹಂಗಿಸಿದರು. 1877ರ ಜನವರಿಯಲ್ಲಿ ವೈಸ್‌ರಾಯ್ ಲಿಟ್ಟನ್ ಇದೇ ಟೆಂಪಲ್‌ನನ್ನು ದಕ್ಷಿಣಕ್ಕೆ ಕಳಿಸಿದ, ಖರ್ಚು ಹಿಡಿತದಲ್ಲಿಡು ಅನ್ನುವ ಆದೇಶದ ಜೊತೆ. ಹಿಂದಿನ ಪಾಠ ಚೆನ್ನಾಗಿ ಕಲಿತಿದ್ದ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿಯನ್ನು ಇಳಿಸಿದ. ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ, ಅಂದರೆ ಸುಮಾರು 450 ಗ್ರಾಂ, ಜೊತೆಗೆ ಪುಡಿಗಾಸು. ಹೆಣ್ಣಾಳಿಗೆ, ಮಕ್ಕಳಿಗೆ ಇನ್ನೂ ಕಡಿಮೆ. ಇಡೀ ದಿನ ಮಣ್ಣು ಹೊರುವವನಿಗೆ! ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾ. ಕಾರ್ನಿಷ್ ಇಷ್ಟರಲ್ಲಿ ದೇಹ ಉಳಿಯೋದಿಲ್ಲ, ಬೇಳೆಕಾಳೂ ಬೇಕು ಅಂತ ಜಗಳಕ್ಕೇ ನಿಂತ. ಮುಂಬಯಿ ಪ್ರಾಂತ್ಯದಲ್ಲಿ ಕೂಲಿಗಳು ಕೆಲಸ ಬಿಟ್ಟು ಮುಷ್ಕರ ಹೂಡಿದರು, ಪುಣೆಯ ಸಾರ್ವಜನಿಕ ಸಭಾ ಅವರ ಬೆಂಬಲಕ್ಕೆ ಬಂತು. ಹೊಟ್ಟೆಗಿಲ್ಲದವರು ಮುಷ್ಕರ ಮಾಡುತ್ತಾರೆ ಅಂದರೆ ಆ ಕೂಲಿ ಎಂಥದ್ದಿರಬೇಕು! ಕೊನೆಗೆ ಮದ್ರಾಸ್ ಸರ್ಕಾರ ಕೂಲಿಯನ್ನು ಸ್ವಲ್ಪ ಏರಿಸಿತು.

1877ರ ಜನವರಿ ಒಂದರಂದು ದೆಹಲಿಯಲ್ಲಿ ಲಿಟ್ಟನ್ನನ ದರ್ಬಾರು ನಡೆದಿತ್ತು, ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿ ಅಂತ ಘೋಷಿಸೋಕೆ. ಅದರ ಊಟೋಪಚಾರದ ವರ್ಣನೆ ಬೇರೆ ಕಡೆ ಓದಿಕೊಳ್ಳಿ, ನನಗೆ ಬರೆಯಲು ಮನಸ್ಸಿಲ್ಲ. ಧಾನ್ಯದ ಬೆಲೆ ಇಳಿಸಲು ಸರ್ಕಾರ ಕೈ ಹಾಕಕೂಡದು ಅನ್ನೋದು ಲಿಟ್ಟನ್ ನೀತಿ. ಮದ್ರಾಸ್ ಗವರ್ನರ್ ಬಕಿಂಗ್‌ಹ್ಯಾಂ 30 ಸಾವಿರ ಟನ್ ಧಾನ್ಯ ಕೊಂಡಿಟ್ಟದ್ದಕ್ಕೆ ಮೇಲಿನಿಂದ ಆಕ್ಷೇಪ ಬಂತು. ಈ ಕ್ಷಾಮದ ಅವಧಿಯಲ್ಲಿ ಭಾರತದಿಂದ ಇಂಗ್ಲೆಂಡಿಗೆ ಹೋದ ಗೋಧಿ ಸುಮಾರು 3.2 ಲಕ್ಷ ಟನ್, ಅಲ್ಲಿಯವರೆಗಿನ ದಾಖಲೆ.

ಈಗ ಸ್ಟ್ರೇಚಿಗೆ ಬರೋಣ. ಅವನ ಆಯೋಗ 1880ರಲ್ಲಿ ವರದಿ ಕೊಟ್ಟಿತು. ದೇಶದ ಒಟ್ಟು ಲೆಕ್ಕ ಹಾಕಿದರೆ ಧಾನ್ಯ ಸಾಲದೆ ಇರಲಿಲ್ಲ, ಜನರಿಗೆ ಕೊಳ್ಳುವ ಶಕ್ತಿ ಹೋಗಿತ್ತು, ಬೆಳೆ ಹೋದಾಗ ಕೂಲಿ ಹೋದದ್ದೇ ಸಾವಿನ ದಾರಿ ಅನ್ನೋ ಅರ್ಥದ ಮಾತು ಅದರಲ್ಲಿದೆ. ಆಯೋಗವೇನೂ ಲಿಟ್ಟನ್ ಮೇಲೆ ತಪ್ಪು ಹೊರಿಸಲಿಲ್ಲ, ಬಿಡಿ. ವ್ಯಾಪಾರದಲ್ಲಿ ಕೈ ಹಾಕಬಾರದು ಅನ್ನೋ ನಂಬಿಕೆಯನ್ನೂ ಬಿಡಲಿಲ್ಲ. ಆದರೂ ಬರ ಬಿದ್ದ ಕೂಡಲೇ ಕೆಲಸ ಕೊಡಬೇಕು, ಕೆಲಸ ಮಾಡಲಾಗದವರಿಗೆ ಸುಮ್ಮನೆ ಕೊಡಬೇಕು ಅನ್ನುವ ನಿಯಮಗಳ ಕಟ್ಟು, ಅಂದರೆ 1883ರ ಕ್ಷಾಮ ಸಂಹಿತೆ, ಹುಟ್ಟಿದ್ದು ಅದರಿಂದಲೇ. ನಮ್ಮ ಬರ ಪರಿಹಾರದ ಕಡತಗಳ ಮೂಲ ಹುಡುಕುತ್ತ ಹೋದರೆ ಅಲ್ಲಿಗೇ ಮುಟ್ಟುತ್ತೀರಿ. 1972ರ ಬರದಲ್ಲಿ ಮಹಾರಾಷ್ಟ್ರದ ಕಾಮಗಾರಿಗಳು, 2005ರ ಉದ್ಯೋಗ ಖಾತ್ರಿ ಕಾಯ್ದೆ, ಎಲ್ಲ ಆ ವಂಶದವೇ. ಮೈಸೂರಿಗೆ ಉಳಿದದ್ದು 80 ಲಕ್ಷ ರೂಪಾಯಿ ಸಾಲ. 1881ರಲ್ಲಿ ಹತ್ತನೇ ಚಾಮರಾಜ ಒಡೆಯರ ಕೈಗೆ ರಾಜ್ಯ ಬಂದಾಗ ದಿವಾನ್ ರಂಗಾಚಾರ್ಲು ಆ ಸಾಲವನ್ನೂ ಹೊತ್ತುಕೊಂಡೇ ಶುರು ಮಾಡಬೇಕಾಯಿತು.

ಹಾಗಾದರೆ ಆಕಾಶದಲ್ಲಿ ನಿಜಕ್ಕೂ ಆಗಿದ್ದೇನು? ಇದು ತಿಳಿಯಲು ನೂರು ವರ್ಷವೇ ಬೇಕಾಯಿತು. 1875ರಲ್ಲಿ ಶುರುವಾಗಿದ್ದ ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಹಿಮಾಲಯದ ಕಡೆ ಕೈ ತೋರಿಸಿದ. ಅಲ್ಲಿ ಹಿಮ ಜಾಸ್ತಿ ಬಿದ್ದರೆ ಇಲ್ಲಿ ಮುಂಗಾರು ಸೊರಗುತ್ತದೆ ಅಂತ. ಅದರಲ್ಲಿ ಸ್ವಲ್ಪ ಸತ್ಯವಿತ್ತು, ಆದರೆ ಅಷ್ಟೇ ಸಾಲಲಿಲ್ಲ. 1904ರಲ್ಲಿ ಗಿಲ್ಬರ್ಟ್ ವಾಕರ್ ಬಂದ. ಕೇಂಬ್ರಿಜ್ಜಿನ ಗಣಿತಜ್ಞ, ಬೂಮರಾಂಗ್ ಎಸೆಯುವ ಹುಚ್ಚು ಬೇರೆ. ಅವನು ಸಿದ್ಧಾಂತವನ್ನೆಲ್ಲ ಪಕ್ಕಕ್ಕಿಟ್ಟು, ಪ್ರಪಂಚದ ಎಲ್ಲ ಕಡೆಯಿಂದ ಒತ್ತಡ, ಮಳೆ, ಉಷ್ಣತೆಯ ಲೆಕ್ಕ ತರಿಸಿ, ಗುಮಾಸ್ತರನ್ನು ಕೂರಿಸಿ ಯಾವುದಕ್ಕೆ ಯಾವುದು ಹೊಂದುತ್ತದೆ ಅಂತ ಗುಣಿಸಿ ಭಾಗಿಸಿ ನೋಡಿಸಿದ. ಕಂಪ್ಯೂಟರ್ ಇಲ್ಲದ ಕಾಲ. ಆ ಗುಮಾಸ್ತರು ಬಹುಪಾಲು ನಮ್ಮವರೇ, ಹೆಸರುಗಳು ಕಥೆಯಲ್ಲಿ ಬರುವುದಿಲ್ಲ. ಹೊರಬಿದ್ದದ್ದು ಒಂದು ತೂಗುಯ್ಯಾಲೆ: ಪೆಸಿಫಿಕ್ ಕಡೆ ಗಾಳಿಯ ಒತ್ತಡ ಏರಿದರೆ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಅಲ್ಲಿ ಇಳಿದರೆ ಇಲ್ಲಿ ಏರುತ್ತದೆ. ಅದರ ಜೊತೆ ನಮ್ಮ ಮಳೆ. 1969ರಲ್ಲಿ ಬ್ಯರ್ಕ್‌ನೆಸ್ ಅನ್ನುವ ವಿಜ್ಞಾನಿ ಈ ತೂಗುಯ್ಯಾಲೆಯನ್ನು ಪೆರುವಿನ ಮೀನುಗಾರರು ಎಲ್ ನಿನೋ ಅನ್ನುತ್ತಿದ್ದ ಬಿಸಿನೀರಿಗೆ ಗಂಟು ಹಾಕಿದ. ಪೂರ್ವ ಪೆಸಿಫಿಕ್ ಬಿಸಿಯಾದಾಗ ಮೋಡ ಏಳುವ ಜಾಗ ಅತ್ತ ಸರಿಯುತ್ತದೆ, ನಮ್ಮ ಮೇಲೆ ಗಾಳಿ ಕೆಳಗಿಳಿದು ಮುಂಗಾರು ಸೊರಗುತ್ತದೆ.

1877-78ರಲ್ಲಿ ಬಂದದ್ದು ದಾಖಲೆಯಲ್ಲಿರುವ ಅತಿ ಬಲವಾದ ಎಲ್ ನಿನೋಗಳಲ್ಲಿ ಒಂದು. ಉತ್ತರ ಚೀನಾದಲ್ಲಿ, ಬ್ರೆಜಿಲ್ಲಿನ ಈಶಾನ್ಯದ ಸಿಯಾರಾದಲ್ಲಿ ಅದೇ ಹೊತ್ತಿಗೆ ಭೀಕರ ಕ್ಷಾಮ. ಮೈಸೂರಿನ ಕೂಲಿಗೂ ಸಿಯಾರಾದ ದನಗಾಹಿಗೂ ಒಂದೇ ಸಮುದ್ರ ಪೆಟ್ಟು ಕೊಟ್ಟಿತ್ತು, ಇಬ್ಬರಿಗೂ ಇನ್ನೊಬ್ಬರಿದ್ದಾರೆ ಅಂತಲೇ ಗೊತ್ತಿರಲಿಲ್ಲ. ದೀಪ್ತಿ ಸಿಂಗ್ ಮತ್ತು ಸಂಗಡಿಗರು 2018ರಲ್ಲಿ ಇದನ್ನೆಲ್ಲ ಒಟ್ಟುಮಾಡಿ ಬರೆದಿದ್ದಾರೆ. ಅವರ ಪ್ರಕಾರ 1870ರಿಂದ 76ರವರೆಗೆ ಪೆಸಿಫಿಕ್ ತಂಪಾಗಿದ್ದು, ಆಮೇಲೆ ಒಮ್ಮೆಲೇ ದಾಖಲೆಯ ಎಲ್ ನಿನೋ, ಅದರ ಜೊತೆ 1877ರಲ್ಲಿ ಹಿಂದೂ ಮಹಾಸಾಗರದ ಪೂರ್ವ-ಪಶ್ಚಿಮಗಳ ಉಷ್ಣತೆಯಲ್ಲೂ ದಾಖಲೆಯ ಏರುಪೇರು. ಈ ಏರುಪೇರನ್ನು ಡೈಪೋಲ್ ಅನ್ನುತ್ತಾರೆ. ಅದನ್ನು ಮೊದಲು ವಿವರಿಸಿದ 1999ರ ಪ್ರಬಂಧದ ನಾಲ್ವರು ಲೇಖಕರಲ್ಲಿ ಸಾಜಿ, ಗೋಸ್ವಾಮಿ, ವಿನಯಚಂದ್ರನ್ ಮೂವರೂ ಭಾರತದವರು, ಗೋಸ್ವಾಮಿ ಅವರು ಆಗ ಇದ್ದದ್ದು ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ. ಎಲ್ ನಿನೋ ಮುಂಗಾರನ್ನು ಕೆಡಿಸಿದರೂ ದಕ್ಷಿಣದ ಹಿಂಗಾರಿಗೆ ಸಾಮಾನ್ಯವಾಗಿ ಬಲ ಕೊಡುತ್ತದೆ. 1877ರ ಕೊನೆಗೆ ಮಳೆ ಬಂದದ್ದನ್ನು ನೋಡಿದರೆ ಇದು ಹೊಂದುತ್ತದೆ. ಪಾಪ, ಆ ಮಳೆಯ ನೀರು ನಿಂತು ಸೊಳ್ಳೆ ಎದ್ದು, ಸೊರಗಿದ್ದ ಮೈಗಳನ್ನು ಜ್ವರ ಎಳೆದುಕೊಂಡು ಹೋಯಿತು.

ಅಂದರೆ ಧಾತು-ಈಶ್ವರದ ಬರಕ್ಕೆ ಕಾರಣ ಪ್ರಕೃತಿಯ ತನ್ನದೇ ಏರಿಳಿತ. ಆಗ ಭೂಮಿ ಮನುಷ್ಯನಿಂದ ಬಿಸಿಯಾಗಿರಲಿಲ್ಲ. "ಹಿಂದೆಯೂ ಆಗಿತ್ತು" ಅನ್ನುವವರ ಮಾತಿಗೆ ಇಷ್ಟು ಅಂಕ ಕೊಡಲೇಬೇಕು. ಆದರೆ ಅವರು ಮುಂದಿನ ಸಾಲು ಓದುವುದಿಲ್ಲ. 1877ರ ಸಮುದ್ರ ಅಷ್ಟು ಕೆಲಸ ಮಾಡಿದ್ದು ತಂಪಾದ ಭೂಮಿಯ ಮೇಲೆ. 2024ರಲ್ಲಿ ಭೂಮಿಯ ಸರಾಸರಿ ಉಷ್ಣತೆ ಕೈಗಾರಿಕೆಗಳಿಗೆ ಮುಂಚಿನ ಕಾಲಕ್ಕಿಂತ ಸುಮಾರು 1.5 ಡಿಗ್ರಿ ಜಾಸ್ತಿ ಇತ್ತು. ಅದೇ ಎಲ್ ನಿನೋ, ಅದೇ ಡೈಪೋಲ್ ಈಗ ಬಂದರೆ ಒಣಗುವ ನೆಲ ಇನ್ನೂ ಬೇಗ ಒಣಗುತ್ತದೆ. 2019ರಲ್ಲಿ ಬಲವಾದ ಡೈಪೋಲ್ ಬಂತು, ಆಸ್ಟ್ರೇಲಿಯಾದ ಕಾಡುಗಳು 2019-20ರ ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಉರಿದವು. ಅಂಥ ಬೆಂಕಿಗೆ ತಕ್ಕ ಹವೆ ಬರುವ ಸಾಧ್ಯತೆ ಮನುಷ್ಯನಿಂದಾದ ಬಿಸಿಯಿಂದ ಕನಿಷ್ಠ ನೂರಕ್ಕೆ 30ರಷ್ಟು ಹೆಚ್ಚಾಗಿತ್ತು ಅಂತ 'ವರ್ಲ್ಡ್ ವೆದರ್ ಅಟ್ರಿಬ್ಯೂಷನ್' ತಂಡ ಲೆಕ್ಕ ಹಾಕಿತು. ಹಂಟರ್ ಕೈಯಲ್ಲಿ ಒಂದು ಊರಿನ ಮಳೆ ಪಟ್ಟಿ ಇತ್ತು. ಇವರು ಬಿಸಿಯಾದ ಭೂಮಿ, ಬಿಸಿಯಾಗದ ಭೂಮಿ ಎರಡನ್ನೂ ಕಂಪ್ಯೂಟರಿನಲ್ಲಿ ಕಟ್ಟಿ ಸಾವಿರಾರು ಸಲ ಓಡಿಸಿ ಹೋಲಿಸುತ್ತಾರೆ. ಎರಡನ್ನೂ "ಎಲ್ಲ ಬರೀ ಊಹೆ" ಅಂತ ಒಂದೇ ತಕ್ಕಡಿಗೆ ಹಾಕೋದು ಅನ್ಯಾಯ.

ಇದೇ ತಂಡದ ಇನ್ನೊಂದು ಲೆಕ್ಕ ನನಗೆ ಇನ್ನೂ ಮುಖ್ಯ ಅನ್ನಿಸಿತು. ಮಡಗಾಸ್ಕರ್ ದ್ವೀಪದ ದಕ್ಷಿಣದಲ್ಲಿ 2019ರಿಂದ 2021ರವರೆಗೆ ಮಳೆ ಹೋಗಿ ಜನ ಮಿಡತೆ, ಕಳ್ಳಿ ತಿನ್ನುವ ಸ್ಥಿತಿಗೆ ಬಂದರು. ಹವಾಮಾನ ಬದಲಾವಣೆಯಿಂದಾದ ಮೊದಲ ಕ್ಷಾಮ ಅಂತ ವಿಶ್ವಸಂಸ್ಥೆಯವರು ಹೇಳಿದರು, ಪತ್ರಿಕೆಗಳೂ ಹಾಗೇ ಬರೆದವು. 2021ರ ಡಿಸೆಂಬರಿನಲ್ಲಿ ಲೆಕ್ಕ ಬಂದಾಗ, ಆ ಬರದಲ್ಲಿ ಹವಾಮಾನ ಬದಲಾವಣೆಯ ಪಾತ್ರ ಇದ್ದರೂ ಬಹಳ ಅಲ್ಪ, ಜನರನ್ನು ಆ ಸ್ಥಿತಿಗೆ ತಂದದ್ದು ಬಡತನ, ರಸ್ತೆ-ನೀರಾವರಿ ಇಲ್ಲದ್ದು, ಮಳೆಯೊಂದನ್ನೇ ನಂಬಿದ ಬದುಕು ಅಂತ ಹೊರಬಿತ್ತು. 'ಹವಾಮಾನ ಬದಲಾವಣೆ' ಅನ್ನುವ ಮಾತು ಒಮ್ಮೊಮ್ಮೆ 1877ರ ಸೂರ್ಯನ ಕಲೆಯ ಕೆಲಸ ಮಾಡಿಬಿಡುತ್ತದೆ, ಅದು ನಿಜವಾದ ವಿಜ್ಞಾನವೇ ಆಗಿದ್ದರೂ! ಕೆರೆಗೆ ಹೂಳು ತುಂಬಿದ್ದಕ್ಕೆ, ರಾಜಕಾಲುವೆ ಮುಚ್ಚಿದ್ದಕ್ಕೆ "ಏನ್ ಮಾಡೋದು ಸಾರ್, ಕ್ಲೈಮೇಟ್ ಚೇಂಜ್" ಅನ್ನುವವರನ್ನು ನೀವೂ ನೋಡಿರುತ್ತೀರಿ.

2023ರಲ್ಲಿ ಮತ್ತೆ ಎಲ್ ನಿನೋ ಬಂತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದರು. ಬಯಲುಸೀಮೆಯಲ್ಲಿ ಬೆಳೆ ಹೋಯಿತು, 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಒಣಗಿದವು, ಟ್ಯಾಂಕರಿನವರು ಕೇಳಿದ್ದೇ ರೇಟು. ರೈತರ ಸಂಕಟ ಸಣ್ಣದೇನಲ್ಲ. ಆದರೆ ಧಾತು-ಈಶ್ವರದ ಹಾಗೆ ಯಾವ ಊರೂ ಖಾಲಿಯಾಗಲಿಲ್ಲ. ರೇಷನ್ ಅಂಗಡಿಯಲ್ಲಿ ಅಕ್ಕಿ ಇತ್ತು.

ಮೈಸೂರಿನ ಕ್ಷಾಮದ ಅಧಿಕೃತ ಇತಿಹಾಸ ಬರೆದವನು ಚಾರ್ಲ್ಸ್ ಎಲಿಯಟ್, ಕ್ಷಾಮ ಕಮಿಷನರ್ ಆಗಿ ಇಲ್ಲಿದ್ದವನು. ಮದ್ರಾಸಿನ ಪತ್ರಕರ್ತ ವಿಲಿಯಂ ಡಿಗ್ಬಿ 1878ರಲ್ಲಿ ಎರಡು ಸಂಪುಟ ಬರೆದ, ಅದರಲ್ಲೂ ಮೈಸೂರು ಬರುತ್ತದೆ. ಎರಡರಲ್ಲೂ ಅಂಕಿಗಳು ಬೇಕಾದಷ್ಟಿವೆ, ಮಣ್ಣು ಹೊತ್ತವರ ಮಾತು ಕಡಿಮೆ. ಅದು ಉಳಿದಿದ್ದರೆ ಮನೆಮಾತುಗಳಲ್ಲಿ, ಊರ ಹೆಸರುಗಳಲ್ಲಿ, ಲಾವಣಿಗಳಲ್ಲಿ ಉಳಿದಿರಬೇಕು. ತುಮಕೂರು, ಕೋಲಾರ, ಚಿತ್ರದುರ್ಗ, ಬಳ್ಳಾರಿ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮೂರಲ್ಲಿ ಬರದ ಕಾಲದಲ್ಲಿ ಕಟ್ಟಿದ್ದು ಅಂತ ಹೇಳುವ ಕೆರೆ ಏರಿ, ರಸ್ತೆ, ಗಂಜಿ ಮನೆ ಇದ್ದರೆ, ಅಥವಾ ಧಾತು ವರ್ಷದ ಬಗ್ಗೆ ಅಜ್ಜಿಯರು ಹೇಳಿದ ಮಾತು ನೆನಪಿದ್ದರೆ ದಯವಿಟ್ಟು ಬರೆದು ತಿಳಿಸಿ.